ಮ್ಯಾನಿಫೋಲ್ಡ್ ಬಿಸಿಯಿಂದ ವೈರಿಂಗ್ ಉಳಿಸಿಕೊಳ್ಳುವುದು: ನನ್ನ ಅನುಭವ

ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ನಿಂದ ಬಿಸಿ ಹೊಗೆ ಹೊರಹೋಗುವ ಲೋಹದ ಕೊಳವೆ, ಅದರ ಪಕ್ಕದ ವೈರು ಸುಟ್ಟರೆ ಹೆಚ್ಚಿನವರು ಮಾಡುವ ರಿಪೇರಿ ಒಂದೇ ಥರ. ಸುಟ್ಟ ಜಾಗಕ್ಕೆ ಇನ್ಸುಲೇಷನ್ ಟೇಪ್, ಮೇಲೆ ಫೈಬರ್‌ಗ್ಲಾಸ್ ಸ್ಲೀವ್ (ವೈರಿಗೆ ತೊಡಿಸುವ ಗಾಜಿನ ನಾರಿನ ಕೊಳವೆ), ಬಾನೆಟ್ ಬಂದ್. ಕೆಲವು ತಿಂಗಳಲ್ಲಿ ಅದೇ ವೈರು ಅದೇ ಜಾಗದಲ್ಲಿ ಮತ್ತೆ ಕೈಕೊಡುತ್ತದೆ. ಸ್ಲೀವ್ ಬಿಸಿಯನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಹತ್ತು ನಿಮಿಷದ ಓಡಾಟಕ್ಕೆ ಅದು ಸಾಕು. ಒಂದು ಗಂಟೆ ಟ್ರಾಫಿಕ್‌ನಲ್ಲಿ ನಿಂತರೆ ಒಳಗಿನ ವೈರು ಹೆಚ್ಚುಕಡಿಮೆ ಸ್ಲೀವ್‌ನಷ್ಟೇ ಕಾದಿರುತ್ತದೆ, ಎಂಜಿನ್ ನಿಲ್ಲಿಸಿದ ಮೇಲೆ ಆರುವುದಕ್ಕೂ ಅದೇ ಸ್ಲೀವ್ ಅಡ್ಡ. ಹಾಗಾಗಿ ನಾನು ಮೊದಲು ವೈರನ್ನು ದೂರ ಸರಿಸುತ್ತೇನೆ, ಆಮೇಲೆ ನಡುವೆ ತಗಡು ಹಾಕುತ್ತೇನೆ, ಕೊನೆಗೆ ಸ್ಲೀವ್.

ಇಲ್ಲಿ ಹೇಳುತ್ತಿರುವುದು ಮ್ಯಾನಿಫೋಲ್ಡ್ ಮುಂದುಗಡೆ, ರೇಡಿಯೇಟರ್ ಕಡೆಗೆ ಇರುವ ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರಿನ ಲೆಕ್ಕ. ಇಂಥ ಕಾರಿನಲ್ಲಿ ಮೊದಲು ಬಲಿಯಾಗುವುದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ವೈರು. ಆಮೇಲೆ ಸ್ಟಾರ್ಟರ್ ಕೇಬಲ್, ಮತ್ತು ಹೊರಗಡೆ ಹಾಕಿಸಿದ ಹಾರ್ನ್, ಫಾಗ್ ಲ್ಯಾಂಪ್, ಸಿಎನ್‌ಜಿ ಕಿಟ್‌ನ ವೈರುಗಳು.

ವೈರಿನ ಮೈ ಎಷ್ಟು ಬಿಸಿ ತಾಳುತ್ತದೆ ಎಂಬುದು ಮೊದಲು ತಿಳಿದಿರಬೇಕು. ಸಾಮಾನ್ಯ ಪಿವಿಸಿ ವೈರಿಗೆ ದರ್ಜೆ ನೋಡಿ 80ರಿಂದ 105 ಡಿಗ್ರಿ. ಕ್ರಾಸ್‌ಲಿಂಕ್ಡ್ ಪಾಲಿಥಿನ್ ಹೊದಿಕೆಯದ್ದು 125. ಸಿಲಿಕಾನ್ ವೈರು 180ರಿಂದ 200, ಟೆಫ್ಲಾನ್ 260. ಕಪ್ಪು ಇನ್ಸುಲೇಷನ್ ಟೇಪ್ 80 ಡಿಗ್ರಿಗೇ ಅಂಟು ಬಿಟ್ಟು ಜಾರತೊಡಗುತ್ತದೆ. ಮಾಮೂಲಿ ನೈಲಾನ್ ಕೇಬಲ್ ಟೈ ಕೂಡ ಅಷ್ಟೇ, 85ರ ಆಸುಪಾಸು. ಇನ್ನು ಮ್ಯಾನಿಫೋಲ್ಡ್ ಮೇಲ್ಮೈ ಐಡ್ಲಿಂಗ್‌ನಲ್ಲೇ 200 ದಾಟುತ್ತದೆ, ಶಿರಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಎರಡನೇ ಗೇರಿನಲ್ಲಿ ಹತ್ತುವಾಗ 500 ಮುಟ್ಟಬಹುದು. ಇದರಲ್ಲಿ ವೈರಿಗೆ ಹೆಚ್ಚು ಹೊಡೆತ ಕೊಡುವುದು ವಿಕಿರಣ, ಅಂದರೆ ಒಲೆಯ ಮುಂದೆ ಕೂತರೆ ಮುಖಕ್ಕೆ ಹೊಡೆಯುವ ಝಳ. ಮೇಲ್ಮೈ 230 ಡಿಗ್ರಿಯಿಂದ 480ಕ್ಕೆ ಏರಿದರೆ ಝಳ ಎರಡು ಪಟ್ಟಲ್ಲ, ಸುಮಾರು ಐದು ಪಟ್ಟಾಗುತ್ತದೆ. ಊರೊಳಗೆ ವರ್ಷಗಟ್ಟಲೆ ಸುಮ್ಮನಿದ್ದ ವೈರು ಒಂದೇ ಘಾಟಿ ಪ್ರಯಾಣದಲ್ಲಿ ಸುಡುವುದು ಇದಕ್ಕೇ.

ವೈರಿಗೆ ಕೈ ಹಾಕುವ ಮುಂಚೆ ಎರಡು ವಿಷಯ ನೋಡಿ. ಒಂದು, ಕಂಪನಿ ಕೊಟ್ಟ ಹೀಟ್ ಶೀಲ್ಡ್ (ಮ್ಯಾನಿಫೋಲ್ಡ್ ಝಳ ತಡೆಯುವ ತಗಡು) ಜಾಗದಲ್ಲಿದೆಯೇ? ಅದರ ಎಂ6 ಬೋಲ್ಟುಗಳು ತುಕ್ಕು ಹಿಡಿದು ಮುರಿಯುತ್ತವೆ, ಶೀಲ್ಡ್ ಗಡಗಡ ಶಬ್ದ ಮಾಡುತ್ತದೆ, ಗ್ಯಾರೇಜಿನಲ್ಲಿ ಬಿಚ್ಚಿ ಎಸೆಯುತ್ತಾರೆ. ವೈರು ಸುಡುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ನಾನು ಕಂಡಿಲ್ಲ. ಇನ್ನೊಂದು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದೆಯೇ? ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಶಬ್ದ, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ. ಲೀಕ್ ಇದ್ದರೆ ಬಿಸಿ ಹೊಗೆ ನೇರ ವೈರಿಗೇ ಊದುತ್ತಿರುತ್ತದೆ. ಗ್ಯಾಸ್ಕೆಟ್ ಬದಲಿಸದೆ ಮುಂದಿನ ಕೆಲಸ ಮಾಡಿ ಪ್ರಯೋಜನವಿಲ್ಲ.

ಎಲ್ಲಿ ಎಷ್ಟು ಬಿಸಿ ಇದೆ ಎಂದು ಅಳೆಯಲು ಮಲ್ಟಿಮೀಟರಿಗೆ ಸಿಕ್ಕಿಸುವ ಕೆ-ಟೈಪ್ ಥರ್ಮೋಕಪಲ್ ಸಾಕು. ಅದರ ತುದಿಯ ಮಣಿಯನ್ನು ವೈರಿನ ಮೈಗೆ ತಾಗಿಸಿ ಸಣ್ಣ ತಂತಿಯಿಂದ ಕಟ್ಟಿ, ಲೀಡನ್ನು ಬಾನೆಟ್ ಅಂಚಿನಿಂದ ಕಾರಿನೊಳಗೆ ತಂದುಕೊಳ್ಳಿ. ಗನ್ ಥರ ಹಿಡಿಯುವ ಇನ್‌ಫ್ರಾರೆಡ್ ಮೀಟರ್ ಹೊಳೆಯುವ ತಗಡಿನ ಮೇಲೆ ತೀರಾ ಕಡಿಮೆ ತೋರಿಸುತ್ತದೆ, ನಂಬಬೇಡಿ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೂ 20 ನಿಮಿಷ ಮೀಟರ್ ನೋಡುತ್ತಲೇ ಇರಬೇಕು. ಫ್ಯಾನ್ ಇಲ್ಲ, ಗಾಳಿ ಇಲ್ಲ, ಮ್ಯಾನಿಫೋಲ್ಡ್ ಮಾತ್ರ ಕೆಂಡದಂತಿದೆ. ಬಾನೆಟ್ ಕೆಳಗಿನ ವೈರು ಗರಿಷ್ಠ ಬಿಸಿಗೆ ಹೋಗುವುದು ಬಹಳ ಸಲ ಆಗಲೇ. ಪಿವಿಸಿ ವೈರಿನ ಮೈಮೇಲೆ 80 ದಾಟಿದರೆ ನಾನು ಆ ವೈರನ್ನು ಅಲ್ಲಿ ಬಿಡುವುದಿಲ್ಲ.

ಸರಿಸುವ ಕೆಲಸ. ಬ್ಯಾಟರಿ ನೆಗೆಟಿವ್ ಮೊದಲು ಬಿಚ್ಚಿ. ವೈರಿನ ಕಟ್ಟನ್ನು ಮ್ಯಾನಿಫೋಲ್ಡ್‌ನಿಂದ ಕಡಿಮೆ ಅಂದರೆ 100 ಮಿ.ಮೀ. ದೂರ ಒಯ್ಯಿರಿ, 150 ಸಿಕ್ಕರೆ ಇನ್ನೂ ಒಳ್ಳೆಯದು. ಮ್ಯಾನಿಫೋಲ್ಡ್ ಮೇಲಿಂದ ಹಾಯುವ ದಾರಿಗಿಂತ ಪಕ್ಕದ ಅಥವಾ ಕೆಳಗಿನ ದಾರಿ ಮೇಲು, ಬಿಸಿ ಗಾಳಿ ಏರುವುದು ಮೇಲಕ್ಕೆ. ರಬ್ಬರ್ ಒಳಪದರ ಇರುವ ಸ್ಟೀಲ್ ಪಿ-ಕ್ಲಾಂಪ್ ಹಾಕಿ 150 ಮಿ.ಮೀ.ಗೆ ಒಂದರಂತೆ ಹಿಡಿಸಿ. ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ: ದೂರ ಅಳೆಯುವುದು ಎಂಜಿನ್ ಸುಮ್ಮನಿರುವಾಗ. ಕ್ಲಚ್ ಬಿಟ್ಟ ಕ್ಷಣ ಎಂಜಿನ್ ಮೌಂಟಿಂಗ್ ಮೇಲೆ ವಾಲುತ್ತದೆ, ಸವೆದ ಮೌಂಟಿಂಗ್ ಆದರೆ ಇನ್ನೂ ಜಾಸ್ತಿ. ಎಂಜಿನ್ ಆಫ್ ಇರುವಾಗ ಒಂದು ಲಿವರ್ ಕೊಟ್ಟು ಹಿಂದೆ ಮುಂದೆ ಮೀಟಿ ನೋಡಿ. ವೈರು ಕಾರಿನ ಬಾಡಿಗೆ ಕ್ಲಾಂಪ್ ಆಗಿದ್ದರೆ ಮ್ಯಾನಿಫೋಲ್ಡ್ ಅದರ ಹತ್ತಿರ ಬರುತ್ತದೆ, ಎಂಜಿನ್‌ನಿಂದ ಬಾಡಿಗೆ ದಾಟುವ ಕಡೆ ಸಡಿಲ ಇಲ್ಲದಿದ್ದರೆ ಕನೆಕ್ಟರ್ ಎಳೆದುಕೊಳ್ಳುತ್ತದೆ. ಆ ದಾಟುವ ಜಾಗದಲ್ಲಿ ಒಂದು ಸಣ್ಣ ಕಮಾನಿನಷ್ಟು ಸಡಿಲ ಬಿಡಿ.

ಸುಟ್ಟ ವೈರನ್ನು ಕತ್ತರಿಸುವಾಗ ತಾಮ್ರ ನೋಡಿ. ಎಳೆಗಳು ಕಪ್ಪಾಗಿದ್ದರೆ ಕ್ರಿಂಪ್ (ಲೋಹದ ತುಂಡಿನೊಳಗಿಟ್ಟು ಒತ್ತಿ ಮಾಡುವ ಜಾಯಿಂಟ್) ಹಿಡಿಯುವುದಿಲ್ಲ, ಬೆಸುಗೆಯೂ ಕೂರುವುದಿಲ್ಲ. ಹೊಳೆಯುವ ತಾಮ್ರ ಬರುವವರೆಗೆ ಇಂಚಿಂಚೇ ಹಿಂದಕ್ಕೆ ಕತ್ತರಿಸಿ. ಬಿಸಿ ಭಾಗಕ್ಕೆ ಅದೇ ದಪ್ಪದ ಟೆಫ್ಲಾನ್ ಅಥವಾ ಸಿಲಿಕಾನ್ ವೈರು ಹಾಕಿ, ಜಾಯಿಂಟ್‌ಗಳನ್ನು ಬಿಸಿ ಭಾಗದ ಆಚೆಗೆ ಒಯ್ಯಿರಿ. ಜಾಯಿಂಟ್ ಮೇಲಿನ ಹೀಟ್ ಶ್ರಿಂಕ್ (ಬಿಸಿ ಕೊಟ್ಟರೆ ಕುಗ್ಗಿ ಹಿಡಿಯುವ ಕೊಳವೆ) 125 ತಾಳಿದರೂ ಅದರೊಳಗಿನ ಅಂಟು ಅದಕ್ಕಿಂತ ಬೇಗ ಮೆತ್ತಗಾಗುತ್ತದೆ. ನಾಲ್ಕು ವೈರಿನ ಜಾಯಿಂಟ್ ಒಂದೇ ಸಾಲಿಗೆ ಬರಬಾರದು, 30–40 ಮಿ.ಮೀ. ಹಿಂದುಮುಂದು ಇರಲಿ.

ಆಕ್ಸಿಜನ್ ಸೆನ್ಸರ್ ವೈರಿಗೆ ಬೆಸುಗೆ ಬೇಡವೇ ಬೇಡ. ಜಿರ್ಕೋನಿಯಾ ಸೆನ್ಸರ್ ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ತಾಮ್ರದ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತದೆ. ಸೀಸ ಹರಿದು ಆ ಸಂದು ಮುಚ್ಚಿದರೆ, ಇಲ್ಲವೇ ಕನೆಕ್ಟರಿಗೆ ಗ್ರೀಸ್ ತುಂಬಿದರೆ ಸೆನ್ಸರ್ ತಪ್ಪು ಹೇಳತೊಡಗುತ್ತದೆ. ಕ್ರಿಂಪ್ ಮಾತ್ರ ಮಾಡಿ. ಸೆನ್ಸರ್ ಕಡೆಯ ವೈರೇ ಸುಟ್ಟಿದ್ದರೆ ಸೆನ್ಸರ್ ಬದಲಿಸುವುದೇ ಸರಿ. 22ರ ಸ್ಪ್ಯಾನರ್, ಬೋಲ್ಟಿನಂಥ ಅದರ ತಿರುಪಿನ ದಾರಕ್ಕೆ ಮಾತ್ರ ಆ್ಯಂಟಿ-ಸೀಜ್ (ದಾರ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್), ತುದಿಗೆ ತಾಗಬಾರದು. ಈ ವೈರು ಸುಟ್ಟದ್ದರ ಗುರುತು: ಟ್ರಾಫಿಕ್‌ನಲ್ಲಿ ಚೆಕ್ ಎಂಜಿನ್ ಲೈಟ್ ಬರುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0135, ಅಂದರೆ ಸೆನ್ಸರ್ ಹೀಟರ್ ಸರ್ಕ್ಯೂಟ್, ಬೆಳಿಗ್ಗೆ ತಣ್ಣಗಿದ್ದಾಗ ಅಳೆದರೆ ಎಲ್ಲಾ ಸರಿ. ಬಿಸಿಯಿದ್ದಾಗಲೇ ವೈರನ್ನು ಅಲುಗಾಡಿಸುತ್ತಾ ಅಳೆಯಬೇಕು.

ತಗಡಿಗೆ 0.5 ಮಿ.ಮೀ. ದಪ್ಪದ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ನನ್ನ ಆಯ್ಕೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಆದರೆ ಅದಕ್ಕೂ ಬಹಳ ಮುಂಚೆಯೇ ಬಲ ಕಳೆದುಕೊಂಡು ಬೋಲ್ಟ್ ಸುತ್ತ ಸೀಳುತ್ತದೆ. ಮ್ಯಾನಿಫೋಲ್ಡ್‌ಗೂ ತಗಡಿಗೂ 10ರಿಂದ 15 ಮಿ.ಮೀ. ಸಂದು, ಸ್ಟೀಲ್ ಸ್ಪೇಸರ್ ಕೊಟ್ಟು, ಕನಿಷ್ಠ ಮೂರು ಕಡೆ ಬೋಲ್ಟ್. ಎರಡೇ ಕಡೆ ಹಿಡಿಸಿದರೆ ನಡುಗಿ ಬಿರುಕು ಬಿಡುತ್ತದೆ. ಮೇಲೆ ಕೆಳಗೆ ಎರಡೂ ತೆರೆದಿರಲಿ, ಗಾಳಿ ಚಿಮಣಿಯಂತೆ ಹರಿಯುತ್ತದೆ. ಸುತ್ತಲೂ ಮುಚ್ಚಿದ ಪೆಟ್ಟಿಗೆ ಮಾಡಿದರೆ ಕೆಲಸ ಕೆಟ್ಟಿತು. ಅಂಚನ್ನು 5 ಮಿ.ಮೀ. ಮಡಚಿ. ಬಣ್ಣ ಹೊಡೆಯಬೇಡಿ, ಹೊಳಪೇ ಅದರ ಕೆಲಸ. ಮ್ಯಾನಿಫೋಲ್ಡ್‌ಗೇ ಸುತ್ತುವ ಎಕ್ಸಾಸ್ಟ್ ರ‍್ಯಾಪ್ ಪಟ್ಟಿ ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ತೇವ ಹಿಡಿದು ಕಬ್ಬಿಣ ತಿನ್ನುತ್ತದೆ, ಎಂಜಿನ್ ಆಯಿಲ್ ಸೋರಿ ಅದರಲ್ಲಿ ಇಂಗಿದರೆ ಬೆಂಕಿ ಹತ್ತುತ್ತದೆ.

ಇನ್ನು ಸ್ಲೀವ್. ಸಣ್ಣ ಊರಿನಲ್ಲೂ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಫೈಬರ್‌ಗ್ಲಾಸ್ ಸ್ಲೀವ್ ಸಿಗುತ್ತದೆ. ಕ್ಲಾಸ್ ಎಚ್ ಎಂದು ಕೇಳಿ, ಅದು 180 ಡಿಗ್ರಿಯದ್ದು. ಕ್ಲಾಸ್ ಎಫ್ 155ಕ್ಕೇ ಮುಗಿಯಿತು. ಒಳವ್ಯಾಸ ವೈರಿನ ಕಟ್ಟಿನ ಒಂದೂವರೆ ಪಟ್ಟಿರಲಿ, ಬಿಗಿಯಾಗಿ ಕೂತರೆ ನಡುವಿನ ಗಾಳಿಯ ಪದರವೇ ಇರುವುದಿಲ್ಲ. ಕತ್ತರಿಸುವಾಗ ಗ್ಲೌಸ್ ಹಾಕಿಕೊಳ್ಳಿ, ಅದರ ನಾರು ಚರ್ಮಕ್ಕೆ ಹೊಕ್ಕರೆ ದಿನವಿಡೀ ತುರಿಕೆ. ತುದಿಗೆ ಸ್ಟೀಲ್ ಟೈ ಬಿಗಿಯಿರಿ, ಕೆಳತುದಿ ನೀರು ಇಳಿದುಹೋಗುವಂತೆ ತೆರೆದಿರಲಿ.

ಸ್ಟಾರ್ಟರ್ ಕೇಬಲ್‌ನಲ್ಲಿ ಅಲ್ಯೂಮಿನಿಯಂ ಹೊದಿಕೆಯ ಸ್ಲೀವ್ ಹಾಕುವವರು ಒಂದು ಎಚ್ಚರಿಕೆ ಮರೆಯಬಾರದು. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲಿಗೆ ಹೆಚ್ಚಿನ ಕಾರುಗಳಲ್ಲಿ ಫ್ಯೂಸ್ ಇರುವುದಿಲ್ಲ. ಸ್ಲೀವ್‌ನ ಹೊರಗಿನ ಅಲ್ಯೂಮಿನಿಯಂ, ಲಗ್‌ಗೂ (ಕೇಬಲ್ ತುದಿಯ ಬೋಲ್ಟ್ ಹಾಕುವ ಲೋಹದ ಭಾಗ) ಎಂಜಿನ್ ಬಾಡಿಗೂ ಒಟ್ಟಿಗೆ ತಾಗಿದರೆ ನೇರ ಶಾರ್ಟ್, ಕೇಬಲ್ ಕೆಂಪಾಗುವವರೆಗೂ ತಡೆಯುವವರಿಲ್ಲ. ಲಗ್‌ನಿಂದ 50 ಮಿ.ಮೀ. ಮೊದಲೇ ಸ್ಲೀವ್ ನಿಲ್ಲಿಸಿ, ಲಗ್ ಮೇಲೆ ರಬ್ಬರ್ ಬೂಟ್ ಹಾಕಿ. ಮುಗಿದ ಮೇಲೆ ಸ್ಟಾರ್ಟ್ ಹೊಡೆಯುವಾಗ ಬ್ಯಾಟರಿ ಪಾಸಿಟಿವ್‌ನಿಂದ ಸ್ಟಾರ್ಟರ್ ಬೋಲ್ಟಿನವರೆಗೆ ವೋಲ್ಟೇಜ್ ಡ್ರಾಪ್ ಅಳೆಯಿರಿ, 0.5 ವೋಲ್ಟ್ ದಾಟಬಾರದು. ದಾಟಿದರೆ ಬಿಸಿಗೆ ಒಳಗಿನ ತಾಮ್ರವೋ ಲಗ್ಗೋ ಹಾಳಾಗಿದೆ, ಕೇಬಲನ್ನೇ ಬದಲಿಸಿ.

500 ಕಿ.ಮೀ. ಆದ ಮೇಲೆ ತಣ್ಣಗಿರುವಾಗ ಶೀಲ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ಕಾದು ಆರಿ ಮೊದಲ ಸಲ ಅವು ಸಡಿಲಾಗುತ್ತವೆ. ಆಗಲೇ ಥರ್ಮೋಕಪಲ್ ಹಿಂದಿನ ಜಾಗದಲ್ಲೇ ಕಟ್ಟಿ ಮತ್ತೆ ಅಳೆದು, ಹಳೆಯ ಅಂಕಿಯ ಪಕ್ಕ ಬರೆದಿಡಿ.