ಕಾಶಿಗೆ ಹೊರಟಿದ್ದೀರಾ? ಎಷ್ಟು ದೊಡ್ಡ ಬ್ಯಾಗ್ ಬೇಕು ಅಂತ ಮೊದಲು ನೋಡಿಕೊಳ್ಳಿ

ಕಾಶಿ, ಪ್ರಯಾಗ, ಗಯಾ ಸೇರಿ ಹನ್ನೆರಡು ದಿನ ಅಂದ ತಕ್ಷಣ ಅಟ್ಟದ ಮೇಲಿರುವ ದೊಡ್ಡ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಅಮ್ಮನನ್ನು ಕರೆದುಕೊಂಡು ಮೊದಲ ಸಲ ಹೋದಾಗ ನಾನೂ 28 ಇಂಚಿನ ಗಟ್ಟಿ ಸೂಟ್‌ಕೇಸ್ ತುಂಬಿಸಿದ್ದೆ. ತ್ರೀ ಟಯರ್ ಎಸಿಯಲ್ಲಿ ಅದು ಬರ್ತ್ ಕೆಳಗೆ ಹೋಗಲೇ ಇಲ್ಲ. ಎರಡು ರಾತ್ರಿ ಓಡಾಡುವ ದಾರಿಯಲ್ಲೇ ನಿಂತಿತ್ತು, ಯಾರಾದರೂ ಎದ್ದರೆ ನಾನೂ ಎದ್ದು ಅದನ್ನು ಸರಿಸಬೇಕಿತ್ತು. ಕಾಶಿಯಲ್ಲಿ ಆಟೋ ಮುಖ್ಯರಸ್ತೆಯಲ್ಲೇ ನಿಂತಿತು. ಗಲ್ಲಿಯ ಕಲ್ಲುಹಾಸಿನ ಮೇಲೆ ನೂರು ಹೆಜ್ಜೆ ಹೋಗುವಷ್ಟರಲ್ಲಿ ಒಂದು ಚಕ್ರ ಕಿತ್ತು ಬಂತು, ಮೊಣಕಾಲು ನೋವಿನ ಅಮ್ಮ ಇನ್ನೊಂದು ಕಡೆ ಹಿಡಿದುಕೊಂಡು ನಡೆದರು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಅದಕ್ಕೇ ಹೇಳುವುದು, ಎಷ್ಟು ದಿನದ ಪ್ರವಾಸ ಅನ್ನುವ ಲೆಕ್ಕ ಆಮೇಲೆ ಇರಲಿ. ಬ್ಯಾಗನ್ನು ಎಲ್ಲೆಲ್ಲಿ ಕೈಯಲ್ಲಿ ಎತ್ತಬೇಕಾಗುತ್ತದೆ ಅಂತ ಮೊದಲು ಯೋಚಿಸಿ.

ಶುರು ಮಾಡುವುದು ಟಿಕೆಟ್ಟಿನಿಂದ. ಸ್ಲೀಪರ್‌ನಲ್ಲೂ ತ್ರೀ ಟಯರ್ ಎಸಿಯಲ್ಲೂ ಒಬ್ಬರಿಗೆ 40 ಕೆ.ಜಿ. ಸಾಮಾನು ಉಚಿತ, ಟೂ ಟಯರ್‌ನಲ್ಲಿ 50 ಕೆ.ಜಿ. ಅಷ್ಟು ತೂಕ ಯಾರೂ ಒಯ್ಯುವುದಿಲ್ಲ, ಹಾಗಾಗಿ ನಿಯಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅನಿಸುತ್ತದೆ ಅಲ್ವಾ? ಆದರೆ ಅಳತೆಗೂ ಮಿತಿ ಇದೆ. ಬೇರೆ ಬೋಗಿಗಳಲ್ಲಿ 100 ಸೆಂ.ಮೀ. ಉದ್ದ, 60 ಅಗಲ, 25 ದಪ್ಪದ ಪೆಟ್ಟಿಗೆ ನಡೆಯುತ್ತದೆ. ತ್ರೀ ಟಯರ್ ಎಸಿಯಲ್ಲಿ, ಎಸಿ ಚೇರ್ ಕಾರಿನಲ್ಲಿ ಮಾತ್ರ 55, 45, 22.5 ಸೆಂ.ಮೀ. ಅಷ್ಟೇ. ಅಂದರೆ ಸುಮಾರು 22 ಇಂಚಿನ ಚಿಕ್ಕ ಟ್ರಾಲಿ. ಅಂಗಡಿಯಲ್ಲಿ ಹೇಳುವ ಇಂಚಿನ ಲೆಕ್ಕದಲ್ಲಿ ಕೆಲವೊಮ್ಮೆ ಚಕ್ರ, ಹಿಡಿಕೆ ಸೇರಿರುವುದಿಲ್ಲ, ಆದ್ದರಿಂದ ಟೇಪ್ ಒಯ್ದು ಚಕ್ರದಿಂದ ಹಿಡಿಕೆಯ ತುದಿವರೆಗೆ ನೀವೇ ಅಳೆಯಿರಿ, ಮುಂದಿನ ಜೇಬು ತುಂಬಿದಾಗ ದಪ್ಪ ಎಷ್ಟಾಗುತ್ತದೆ ಅಂತಲೂ ನೋಡಿ.

ಆಮೇಲೆ ದಾರಿ. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಹಳಬರಿಗೆ ಅದು ಮೊಗಲ್‌ಸರಾಯ್. ಅಲ್ಲಿ ಮೇಲ್ಸೇತುವೆ ಹತ್ತಿ ಇಳಿದು ಹೊರಗೆ ಬಂದು, ಮತ್ತೆ ಗಾಡಿ ಹಿಡಿದು ಗಂಗೆ ದಾಟಿ ಕಾಶಿಗೆ ಹೋಗಬೇಕು. ಮೈಸೂರು–ವಾರಾಣಸಿ ರೈಲಿನಲ್ಲಾದರೆ ನೇರ ಊರಿಗೇ ಹೋಗಬಹುದು. ಯಾವುದರಲ್ಲಿ ಹೋದರೂ ಕೊನೆಯ ದಾರಿ ಗಲ್ಲಿಯದ್ದೇ. ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳಲಿ, ಹನುಮಾನ್ ಘಾಟ್ ಕಡೆ ಕೋಣೆ ಹಿಡಿಯಲಿ, ಹಸುಗಳು, ಬೈಕುಗಳು, ಒದ್ದೆ ಕಲ್ಲು, ನಡುನಡುವೆ ಮೆಟ್ಟಿಲು ಇರುವ ದಾರಿಯಲ್ಲಿ ಸ್ವಲ್ಪ ದೂರವಾದರೂ ನಡೆಯಲೇಬೇಕು. ಇಲ್ಲಿ ಟ್ರಾಲಿಯ ಚಕ್ರಕ್ಕಿಂತ ಹೆಗಲಿಗೆ ಹಾಕುವ ಬಟ್ಟೆಯ ಬ್ಯಾಗೇ ವಾಸಿ. ಮೆತ್ತಗಿನ ಬ್ಯಾಗನ್ನು ಬರ್ತ್ ಕೆಳಗೆ ಒತ್ತಿ ತಳ್ಳಬಹುದು, ಖಾಲಿ ಬ್ಯಾಗಿನ ಭಾರವೂ ಕಡಿಮೆ. ಬೆನ್ನುನೋವು ಇರುವವರು ಮಾತ್ರ ಚಿಕ್ಕ ಟ್ರಾಲಿ ತೆಗೆದುಕೊಳ್ಳಿ, ಚಕ್ರ ದೊಡ್ಡದಾಗಿ ಗಟ್ಟಿಯಾಗಿರಲಿ.

ಇಬ್ಬರು ಹೊರಟರೆ ಒಂದು ದೊಡ್ಡ ಬ್ಯಾಗ್ ಬೇಡವೇ ಬೇಡ, ಎರಡು ಚಿಕ್ಕದು ಇರಲಿ. ಒಂದೇ ಬ್ಯಾಗಾದರೆ ಇಬ್ಬರ ಭಾರವೂ ಒಬ್ಬರ ಮೇಲೇ ಬೀಳುತ್ತದೆ.

ಇಷ್ಟು ಚಿಕ್ಕದರಲ್ಲಿ ಬಟ್ಟೆ ಹಿಡಿಯುತ್ತದಾ ಅಂತ ಕೇಳಿದರೆ, ಹಿಡಿಯುತ್ತದೆ. ಹನ್ನೆರಡು ದಿನವಾದರೂ ನಾಲ್ಕು ಜೊತೆ ಸಾಕು. ಎರಡು ದಿನಕ್ಕೊಮ್ಮೆ ಒಗೆದು ಹಾಕಿ. ಗಂಗಾಸ್ನಾನಕ್ಕೆ ಬೇಗ ಒಣಗುವ ಹಳೆಯ ಸಿಂಥೆಟಿಕ್ ಸೀರೆ, ತೆಳು ಪಂಚೆ, ದಪ್ಪ ಟರ್ಕಿ ಟವೆಲ್ ಬದಲು ತೆಳ್ಳನೆಯ ಟವೆಲ್. ಒದ್ದೆ ಬಟ್ಟೆಗೆ ಅಂತಲೇ ಎರಡು ದಪ್ಪ ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ, ಮರೆತರೆ ಉಳಿದ ಬಟ್ಟೆಯೂ ಹಾಳು. ಡಿಸೆಂಬರ್, ಜನವರಿಯಲ್ಲಿ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಕಡೆಯ ಚಳಿ ನೋಡಿ ಲೆಕ್ಕ ಹಾಕಬೇಡಿ. ಅಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಬಟ್ಟೆ ದಿನವಿಡೀ ಹಾಕಿದರೂ ಒಣಗುವುದಿಲ್ಲ, ಆದ್ದರಿಂದ ಇನ್ನೊಂದು ಜೊತೆ ಜಾಸ್ತಿ ಇರಲಿ. ಸ್ವೆಟರ್, ಶಾಲು ಬ್ಯಾಗಿಗೆ ತುರುಕಬೇಡಿ, ಕೈಯಲ್ಲೇ ಇಟ್ಟುಕೊಳ್ಳಿ, ಎಸಿ ಬೋಗಿಯಲ್ಲಿ ಹೇಗೂ ಬೇಕಾಗುತ್ತದೆ.

ಎಲ್ಲರೂ ಮರೆಯುವುದು ವಾಪಸ್ ಬರುವ ದಿನವನ್ನು. ಹೋಗುವಾಗ ಬುತ್ತಿಗೆ ಒಂದು ಗಟ್ಟಿ ಕೈಚೀಲ ಬೇರೆ ಮಾಡಿ. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಎಲ್ಲ ಅದರಲ್ಲೇ. ಕಾಶಿ ತಲುಪುವಷ್ಟರಲ್ಲಿ ಅದು ಅರ್ಧ ಖಾಲಿ, ಹೊರಡುವ ಹೊತ್ತಿಗೆ ಪೂರ್ತಿ ಖಾಲಿ. ಗಂಗೆ ಬರುವುದು ಅದೇ ಚೀಲದಲ್ಲಿ. ನೆಂಟರಿಷ್ಟರಿಗೆ, ಅಕ್ಕಪಕ್ಕದ ಮನೆಗೆ ಅಂತ ಬೆಸುಗೆ ಹಾಕಿದ ತಾಮ್ರದ ಗಿಂಡಿಗಳು, ಕಾಶಿದಾರ, ಪ್ರಸಾದ ಎಲ್ಲ ಸೇರಿ ಭಾರ ಹೇಗೆ ಏರುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ಐದು ಲೀಟರ್ ಕ್ಯಾನ್ ತುಂಬಿಸುವ ಮೊದಲು ಇದನ್ನು ನೆನಪಿಡಿ. ಸೀರೆ ಕೊಳ್ಳುವ ಆಸೆ ಇದ್ದರೆ ಬಟ್ಟೆ ತುಂಬುವ ಬ್ಯಾಗಿನಲ್ಲಿ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಟ್ಟೇ ಮನೆಯಿಂದ ಹೊರಡಿ.

ಇದರ ಜೊತೆ ಒಂದು ಪುಟ್ಟ ಬ್ಯಾಗ್ ಬೇಕು. ಮಾತ್ರೆ, ಆಧಾರ್, ದುಡ್ಡು, ಫೋನ್ ಅದರಲ್ಲಿ. ವಿಶ್ವನಾಥನ ದರ್ಶನಕ್ಕೆ ಫೋನ್, ಬ್ಯಾಗ್ ಒಳಗೆ ಬಿಡುವುದಿಲ್ಲ, ಲಾಕರ್‌ನಲ್ಲಿ ಇಡಬೇಕು, ಹಾಗಾಗಿ ಇದು ಚಿಕ್ಕದಾದಷ್ಟೂ ಅನುಕೂಲ. ಪ್ರಯಾಗಕ್ಕೆ ಒಂದೇ ದಿನ ಹೋಗಿ ಬರುವವರಿಗೂ ಇಷ್ಟು ಸಾಕು, ಉಳಿದದ್ದು ಕಾಶಿಯ ಕೋಣೆಯಲ್ಲೇ ಇರಲಿ. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ಜಿಪ್ಪಿಗೆ ಸೇರುವ ಬೀಗ ಇಲ್ಲಿಂದಲೇ ಒಯ್ಯಿರಿ.

ಕೊನೆಗೆ, ಹೊರಡುವುದಕ್ಕೆ ಮೂರು ದಿನ ಮೊದಲು ಎಲ್ಲ ತುಂಬಿಸಿ ಬೀಗ ಹಾಕಿ. ಆ ಬ್ಯಾಗ್ ಹೊರಬೇಕಾದವರೇ ಅದನ್ನು ಹಿಡಿದು ಮನೆಯ ಮಹಡಿ ಮೆಟ್ಟಿಲನ್ನು ಒಂದು ಸಲ ಹತ್ತಿ ಇಳಿಯಲಿ. ಮಗನೋ ಅಳಿಯನೋ ಎತ್ತಿ ನೋಡಿದರೆ ಪ್ರಯೋಜನವಿಲ್ಲ. ನಡುವೆ ನಿಂತು ಉಸಿರು ತೆಗೆದುಕೊಂಡರು ಅಂದರೆ ಒಂದು ಜೊತೆ ಬಟ್ಟೆ, ಒಂದು ಡಬ್ಬಿ ಹೊರಗೆ ತೆಗೆದು ಮತ್ತೆ ಹತ್ತಿಸಿ ನೋಡಿ.