ಹೆಪ್ಪಿನ ಬ್ಯಾಕ್ಟೀರಿಯಾ ವೈರಸ್ಸಿನ ಗುರುತನ್ನು ಬರೆದಿಟ್ಟುಕೊಳ್ಳುವುದು ಹೇಗೆ?

ಮೊಸರು, ಚೀಸ್ ತಯಾರಿಸುವ ಕಾರ್ಖಾನೆಗಳನ್ನು ಬಹುಕಾಲದಿಂದ ಕಾಡುತ್ತಿರುವುದು ಬ್ಯಾಕ್ಟೀರಿಯಾಗಳಿಗೇ ತಗಲುವ ಫೇಜ್ ಎಂಬ ವೈರಸ್. ಅದು ತೊಟ್ಟಿಗೆ ಸೇರಿತೆಂದರೆ ಹೆಪ್ಪಿನ ಜೀವಕೋಶಗಳು ಒಡೆದು ಸಾಯುತ್ತವೆ. ಹಾಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆದರೂ ಬೆರಳೆಣಿಕೆಯ ಕೋಶಗಳು ಉಳಿದುಕೊಳ್ಳುತ್ತವೆ. ಅವು ಉಳಿದ ಬಗೆಯನ್ನು ಡಾನಿಸ್ಕೋ ಕಂಪನಿಯ ರೊಡಾಲ್ಫ್ ಬರಾಂಗು, ಫಿಲಿಪ್ ಹೊರ್ವಾಥ್ ಮತ್ತು ಸಂಗಡಿಗರು 2007ರಲ್ಲಿ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಹೆಪ್ಪಿನ ಬ್ಯಾಕ್ಟೀರಿಯಾದಲ್ಲಿ ಪ್ರಯೋಗದ ಮೂಲಕ ತೋರಿಸಿದರು.

ಈ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಕ್ರಿಸ್ಪರ್ ಎಂಬ ಭಾಗವಿದೆ. ಅಲ್ಲಿ ಒಂದೇ ಬಗೆಯ ಅಕ್ಷರಸಾಲು (ಡಿಎನ್‌ಎಯ ಒಂದೊಂದು ರಾಸಾಯನಿಕ ಘಟಕವನ್ನೂ ಒಂದು ಅಕ್ಷರ ಎನ್ನುತ್ತಾರೆ) ಮತ್ತೆ ಮತ್ತೆ ಬರುತ್ತದೆ. ಎರಡು ಸಾಲುಗಳ ನಡುವೆ ಒಂದಕ್ಕೊಂದು ಹೋಲದ ತುಣುಕುಗಳಿರುತ್ತವೆ. ಇಂಥ ಪುನರಾವರ್ತನೆ 1987ರಲ್ಲೇ ಒಸಾಕಾದ ವಿಜ್ಞಾನಿಗಳ ಕಣ್ಣಿಗೆ ಬಿದ್ದಿತ್ತಾದರೂ, ನಡುವಿನ ತುಣುಕುಗಳಲ್ಲಿ ಕೆಲವು ವೈರಸ್ಸುಗಳ ಡಿಎನ್‌ಎಗೆ ತಾಳೆಯಾಗುತ್ತವೆ ಎಂಬುದು ಪ್ರಕಟವಾದದ್ದು 2005ರಲ್ಲಿ.

ಈ ತುಣುಕುಗಳೇ ವೈರಸ್ಸಿನ ಗುರುತಿನ ದಾಖಲೆ; ಅದನ್ನು ಬರೆದು ಬಳಸುವುದು ಮೂರು ಹಂತಗಳಲ್ಲಿ. ಮೊದಲ ಹಂತ ತುಣುಕನ್ನು ಹಿಡಿಯುವುದು; ಎಲ್ಲಕ್ಕಿಂತ ಕಷ್ಟದ್ದೂ ಇದೇ. ಫೇಜ್ ತನ್ನ ಡಿಎನ್‌ಎಯನ್ನು ಕೋಶದೊಳಗೆ ತಳ್ಳಿದಾಗ ಬಹುಪಾಲು ಕೋಶಗಳು ಏನನ್ನೂ ಕಲಿಯದೆ ಸಾಯುತ್ತವೆ. ಎಲ್ಲೋ ಒಂದು ಕೋಶದಲ್ಲಿ ಕ್ಯಾಸ್1 ಮತ್ತು ಕ್ಯಾಸ್2 ಎಂಬ ಪ್ರೋಟೀನುಗಳು ಆ ಡಿಎನ್‌ಎಯಿಂದ ಸುಮಾರು 30 ಅಕ್ಷರಗಳ ತುಣುಕೊಂದನ್ನು ಪಡೆಯುತ್ತವೆ. ಪಕ್ಕದಲ್ಲಿ ಪ್ಯಾಮ್ ಎಂಬ ಚಿಕ್ಕ ಗುರುತು ಇರುವ ತುಣುಕೇ ಉಪಯೋಗಕ್ಕೆ ಬರುತ್ತದೆ. ಆ ಗುರುತನ್ನು ಕಂಡುಹಿಡಿಯಲು, ಮುಂದೆ ಕತ್ತರಿಯಾಗುವ ಕ್ಯಾಸ್9 ಪ್ರೋಟೀನು ಈ ಹಂತದಲ್ಲೂ ನೆರವಾಗುತ್ತದೆ.

ಎರಡನೆಯದು ಸೇರಿಸುವ ಹಂತ. ತುಣುಕು ಕ್ರಿಸ್ಪರ್ ಸಾಲಿನ ಒಂದು ನಿರ್ದಿಷ್ಟ ತುದಿಗೇ ಸೇರುತ್ತದೆ, ಜೊತೆಗೆ ಅಲ್ಲಿನ ಪುನರಾವರ್ತಿತ ಸಾಲು ಇಮ್ಮಡಿಯಾಗುತ್ತದೆ. ಈ ಬ್ಯಾಕ್ಟೀರಿಯಾದ ಮೊದಲ ಕ್ರಿಸ್ಪರ್ ಭಾಗದಲ್ಲಿ ಪುನರಾವರ್ತಿತ ಸಾಲಿಗೆ 36 ಅಕ್ಷರ, ತುಣುಕಿಗೆ 30. ಹಾಗಾಗಿ ಬದುಕುಳಿದ ಕೋಶದ ಆ ಭಾಗವನ್ನು ಪಿಸಿಆರ್‌ನಲ್ಲಿ (ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ವಿಧಾನ) ಹೆಚ್ಚಿಸಿ, ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ, ಅಲ್ಲಿ ಮೂಡುವ ಪಟ್ಟಿ ಮೊದಲಿಗಿಂತ ಸುಮಾರು 66 ಅಕ್ಷರಗಳಷ್ಟು ಹೆಚ್ಚು ಉದ್ದದ್ದೆಂದು ಕಾಣುತ್ತದೆ. ಕೋಶ ಒಡೆದು ಎರಡಾದಾಗ ಈ ಬರಹ ಮಕ್ಕಳಿಗೂ ದಾಟುತ್ತದೆ. ನಮ್ಮ ದೇಹ ಲಸಿಕೆಯಿಂದ ಪಡೆದ ರಕ್ಷಣೆ ವಂಶವಾಹಿಯಲ್ಲಿ ಹೀಗೆ ಇಳಿದು ಬರುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಮೂರನೆಯ ಹಂತದಲ್ಲಿ ಇಡೀ ಸಾಲು ಆರ್‌ಎನ್‌ಎಯಾಗಿ ನಕಲಾಗಿ, ಚೂರು ಚೂರಾಗಿ ಕ್ಯಾಸ್9ಕ್ಕೆ ದಾರಿ ತೋರಿಸುತ್ತದೆ. ಅದೇ ಫೇಜ್ ಮತ್ತೆ ಬಂದಾಗ ಕ್ಯಾಸ್9 ಪ್ಯಾಮ್ ಗುರುತನ್ನು ನೋಡಿ, ಪಕ್ಕದ ಅಕ್ಷರಗಳು ಆರ್‌ಎನ್‌ಎಗೆ ಹೊಂದಿದರೆ ಡಿಎನ್‌ಎಯನ್ನು ಕತ್ತರಿಸುತ್ತದೆ. ಬ್ಯಾಕ್ಟೀರಿಯಾದ ಸ್ವಂತ ದಾಖಲೆಯಲ್ಲಿ ತುಣುಕಿನ ಪಕ್ಕ ಪ್ಯಾಮ್ ಇರುವುದಿಲ್ಲವಾದ್ದರಿಂದ ಅದಕ್ಕೆ ಅಪಾಯವಿಲ್ಲ.

2007ರ ಪ್ರಯೋಗದಲ್ಲಿ ನನಗೆ ಹೆಚ್ಚು ಹಿಡಿಸುವುದು ಅದರ ಅಡ್ಡಪರೀಕ್ಷೆ. ಹೊಸ ತುಣುಕನ್ನು ತೆಗೆದರೆ ಪ್ರತಿರೋಧ ಹೋಯಿತು, ತಳಿಗೆ ಸೇರಿಸಿದರೆ ಬಂತು. ಇಂದು ಕ್ಯಾಸ್9 ಎನ್ನುವ ಜೀನನ್ನು ಕೆಡಿಸಿದಾಗಲೂ ರಕ್ಷಣೆ ಹೋಯಿತು. ಆದರೆ ಇನ್ನೊಂದು ಕ್ಯಾಸ್ ಜೀನನ್ನು ಕೆಡಿಸಿದಾಗ ಹಳೆಯ ರಕ್ಷಣೆ ಉಳಿದು, ಹೊಸದನ್ನು ಪಡೆಯುವ ಶಕ್ತಿ ಮಾತ್ರ ಇಲ್ಲವಾಯಿತು. ಕಲಿಯುವ ಕೆಲಸವೂ ಕೊಲ್ಲುವ ಕೆಲಸವೂ ಬೇರೆ ಬೇರೆ ಎಂಬ ಸುಳಿವು ಅಲ್ಲಿಯೇ ಸಿಕ್ಕಿತ್ತು.

ಫೇಜ್ ಕೂಡ ಸುಮ್ಮನಿರುವುದಿಲ್ಲ. ಪ್ಯಾಮ್‌ನಲ್ಲೋ ಅದರ ಹತ್ತಿರದಲ್ಲೋ ಒಂದೇ ಅಕ್ಷರ ಬದಲಾದ ಫೇಜ್ ಹಲವು ಸಲ ಕತ್ತರಿಗೆ ಸಿಗದೆ ನುಸುಳುತ್ತದೆ. ಆದ್ದರಿಂದ ಹೆಪ್ಪಿನ ತಳಿಯನ್ನು ಗಟ್ಟಿಗೊಳಿಸುವವರು ಒಂದು ತುಣುಕಿಗೆ ತೃಪ್ತರಾಗದೆ, ಬದುಕುಳಿದ ತಳಿಯನ್ನೇ ಮತ್ತೆ ಫೇಜ್‌ಗೆ ಒಡ್ಡಿ, ಹಲವು ತುಣುಕುಗಳಿರುವ ಕೋಶಗಳನ್ನು ಆರಿಸಿಕೊಳ್ಳುತ್ತಾರೆ.