ಪಾರ್ಕಿನ್ಸನ್ ಇರುವ ಕೊಹೆನ್ ಅಜ್ಜ ಮತ್ತೆ ಆಶೀರ್ವಾದಕ್ಕೆ ನಿಂತರು: ನನ್ನ ಅನುಭವ

ಇಸ್ರೇಲಿನಲ್ಲಿ ಕೆಲಸಕ್ಕಿರುವ ನಮ್ಮ ಮಂಗಳೂರು, ಉಡುಪಿ ಕಡೆಯ ಕೇರ್‌ಗಿವರ್‌ಗಳಿಗಾಗಿ ಬರೆಯುತ್ತಿದ್ದೇನೆ. ಹಿಡಿದು ನಡೆಸಲು ಸೊಂಟಕ್ಕೆ ಬೆಲ್ಟ್ ಹಾಕುವುದು, ವಾಕರ್ ಹಿಡಿಸುವುದು ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟೆ.

ನಾನು ನೋಡಿಕೊಳ್ಳುವ ಅಜ್ಜ ಕೊಹೆನ್, ಅಂದರೆ ಯಹೂದಿಗಳ ಪುರೋಹಿತ ಮನೆತನ, ಆರೋನನ ವಂಶದವರು. ಜೆರುಸಲೇಮಿನಲ್ಲಿ ದಿನಾ ಬೆಳಗಿನ ಪ್ರಾರ್ಥನೆಯಲ್ಲಿ ಕೊಹೆನ್‌ಗಳು ಮುಂದೆ ಹೋಗಿ, ನಿಂತು, ಕೈಯೆತ್ತಿ ಜನರನ್ನು ಆಶೀರ್ವದಿಸಬೇಕು. 'ಕೊಹನಿಮ್' (ಕೊಹೆನ್‌ಗಳೇ) ಎಂದು ಕರೆದಾಗ ಒಳಗೇ ಇದ್ದು ಹೋಗದಿದ್ದರೆ ತಪ್ಪು. ಹಾಗಾಗಿ ಕಾಯಿಲೆ ಜೋರಾದ ಮೇಲೆ ಅಜ್ಜ ಆ ಹೊತ್ತಿಗೆ ಹೊರಗೆ ಹೋಗಿ ಕೂರುತ್ತಿದ್ದರು. ಎರಡು ವರ್ಷ ಹತ್ತಿರ ಹೀಗೇ ನಡೆಯಿತು. ಮಗ, ಫಿಸಿಯೋ, ಕಡೆಗೆ ನಮ್ಮೂರ ಹುಡುಗರೂ 'ಇದು ಆಗುವ ಕೆಲಸ ಅಲ್ಲ ಮಾರಾಯ' ಎಂದರು. ಈಗ ಅಜ್ಜ ವಾರಕ್ಕೆ ನಾಲ್ಕೈದು ದಿನ ನಿಲ್ಲುತ್ತಾರೆ.

ಮೊದಲು ಹೋದದ್ದು ದುಡ್ಡು. ಮನೆಯವರು ಸೆಕೆಂಡ್‌ಹ್ಯಾಂಡ್ ಸ್ಟ್ಯಾಂಡಿಂಗ್ ಫ್ರೇಮ್ (ಮನುಷ್ಯನನ್ನು ನಿಲ್ಲಿಸಿ ಹಿಡಿದಿಡುವ ಚೌಕಟ್ಟು) ತಂದರು, ಸುಮಾರು ಒಂದೂವರೆ ಸಾವಿರ ಶೆಕೆಲ್. ರಬ್ಬಿ, ಅಂದರೆ ಅವರ ಧರ್ಮಗುರು, ನೋಡಿ ಬೇಡವೇ ಬೇಡ ಎಂದರು. ಆಸರೆ ತೆಗೆದರೆ ಮನುಷ್ಯ ಬೀಳುತ್ತಾನೆ ಎಂದಾದರೆ ಅವರ ಲೆಕ್ಕದಲ್ಲಿ ಅದು ನಿಂತದ್ದಲ್ಲ, ಕೂತ ಹಾಗೆ. ಕೈ ಎತ್ತಿ ಹಿಡಿಯಲು ಭುಜದಿಂದ ಪಟ್ಟಿ ಹೊಲಿಸಿದೆವು, ಇನ್ನೊಂದು ಇನ್ನೂರು ಶೆಕೆಲ್. ಅದಕ್ಕೂ ಒಪ್ಪಲಿಲ್ಲ, ಕೈ ತಾನೇ ಎತ್ತಬೇಕಂತೆ. ಫ್ರೇಮ್ ಅರ್ಧ ಬೆಲೆಗೂ ಹೋಗಲಿಲ್ಲ.

ಅಜ್ಜನಿಗೆ ಇನ್ನೊಂದು ಅಳುಕಿತ್ತು. ಕೈ ನಡುಗುತ್ತದೆ, ಜೊಲ್ಲು ಗಡ್ಡಕ್ಕೆ ಇಳಿಯುತ್ತದೆ, ಜನ ಅದನ್ನೇ ನೋಡುತ್ತಾರೆ ಎಂದು. ಅವರ ಶಾಸ್ತ್ರದಲ್ಲೂ ಇದು ಬರೆದೇ ಇದೆ: ಮುಖದಲ್ಲಿ, ಕೈಯಲ್ಲಿ ಊನ ಇದ್ದವರು, ಜೊಲ್ಲು ಸುರಿಯುವವರು ಹೋಗಬಾರದು, ಜನರ ಗಮನ ಚದುರುತ್ತದೆ. ಆದರೆ ಊರಿನವರಿಗೆ ರೂಢಿಯಾಗಿದ್ದರೆ ಅಡ್ಡಿಯಿಲ್ಲ, ಅದಕ್ಕೆ 30 ದಿನ ಅಲ್ಲಿ ಇದ್ದರೆ ಸಾಕು. ಅಜ್ಜ ಆ ಬೀದಿಗೆ ಬಂದು ನಲವತ್ತು ವರ್ಷ ಆಗಿರಬೇಕು. ಮೇಲಾಗಿ ಅಲ್ಲಿ ತಲೆಯಿಂದ ಕೈವರೆಗೆ ತಲ್ಲಿತ್ ಎಂಬ ಪ್ರಾರ್ಥನೆಯ ಶಾಲು ಹೊದೆಯುವ ಪದ್ಧತಿ, ಏನೂ ಕಾಣುವುದಿಲ್ಲ. ರಬ್ಬಿ ಇದನ್ನು ಹೇಳಿದ ದಿನ ಅಜ್ಜ ತಾವಾಗಿಯೇ ವ್ಯಾಯಾಮಕ್ಕೆ ಎದ್ದರು.

ಕೆಲಸ ಸಾಧಿಸಿದ್ದು ಗುಳಿಗೆಯ ಹೊತ್ತು. ಪಾರ್ಕಿನ್ಸನ್‌ನ ಗುಳಿಗೆ ಲೆವೊಡೋಪಾ ಅಜ್ಜನಿಗೆ ಹಿಡಿಯಲು ಮುಕ್ಕಾಲು ಗಂಟೆ ಬೇಕು. ಪ್ರಾರ್ಥನೆ ಆರೂವರೆಗೆ ಶುರು, ಆಶೀರ್ವಾದ ಬರುವುದು ಏಳು ಕಾಲರ ಸುಮಾರಿಗೆ. ಡಾಕ್ಟರನ್ನು ಕೇಳಿ ಬೆಳಗಿನ ಡೋಸನ್ನು ಆರೂವರೆಗೆ ತಂದೆ. ಪ್ರೋಟೀನ್ ಗುಳಿಗೆ ಹಿಡಿಯುವುದನ್ನು ತಡೆಯುತ್ತದೆ, ಅದಕ್ಕೆ ಮೊಟ್ಟೆ, ಮೊಸರು ಎಲ್ಲ ಮನೆಗೆ ಬಂದ ಮೇಲೆ.

ಆಮೇಲಿನ ಕಷ್ಟ ನಡಿಗೆ. 'ರೆತ್ಸೇ' ಎಂಬ ಭಾಗ ಮುಗಿಯುವ ಮೊದಲು ಕೊಹೆನ್ ಜಾಗ ಬಿಟ್ಟು ಹೆಜ್ಜೆ ಎತ್ತಿರಲೇಬೇಕು, ತಡವಾದರೆ ಆವತ್ತಿಗೆ ಇಲ್ಲ. ಅಲ್ಲೇ ಅಜ್ಜನ ಕಾಲು ನೆಲಕ್ಕೆ ಅಂಟುತ್ತಿತ್ತು. ಫೋನಿನಲ್ಲಿ ಮೆಟ್ರೊನೋಮ್ (ತಾಳಕ್ಕೆ ಟಿಕ್‌ಟಿಕ್ ಎನ್ನುವ ಆ್ಯಪ್) ಹಾಕಿ ನೋಡಿದೆ, ಮನೆಯಲ್ಲಿ ಚೆನ್ನಾಗಿ ನಡೆದರು. ಆದರೆ ಪ್ರಾರ್ಥನೆಯ ನಡುವೆ ಟಿಕ್‌ಟಿಕ್ ಯಾರಿಗೂ ಹಿಡಿಸಲಿಲ್ಲ, ಶಬ್ಬಾತಿನಂದು (ಶನಿವಾರದ ಪವಿತ್ರ ವಿಶ್ರಾಂತಿ ದಿನ) ಫೋನೇ ಮುಟ್ಟುವಂತಿಲ್ಲ. ಹೆಜ್ಜೆ ಇಡಲು ನೆಲಕ್ಕೆ ಬೆಳಕಿನ ಗೆರೆ ಬಿಡುವ ಲೇಸರ್ ಕೋಲೂ ಅದೇ ಕಾರಣಕ್ಕೆ ಬೇಡವಾಯಿತು. ಕೊನೆಗೆ ನೆಲಕ್ಕೆ ಹಳದಿ ಟೇಪಿನ ಅಡ್ಡಪಟ್ಟಿ, ಒಂದೊಂದು ಹೆಜ್ಜೆಗೆ ಒಂದು. ಹದಿನೈದು ಶೆಕೆಲಿನ ಟೇಪು! ಪಟ್ಟಿ ದಾಟುತ್ತಾ ಹೋಗುತ್ತಾರೆ. ಕಾಲು ಪೂರ್ತಿ ಕಟ್ಟಿದಾಗ ಬಿಡಿಸಲು ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಣ್ಣಾರೆ ನೋಡದೆ ಮಾಡಿದರೆ ಅಪಾಯ, ಬಂದರೆ ತೋರಿಸುತ್ತೇನೆ.

ಮೆಟ್ಟಿಲು ಹತ್ತಿಸಬೇಡಿ. ಕೆಳಗೇ ಜನರಿಗೆ ಎದುರಾಗಿ ನಿಂತರೂ ನಡೆಯುತ್ತದೆ ಎಂದು ರಬ್ಬಿ ಹೇಳಿದ್ದಾರೆ. ಚಪ್ಪಲಿ, ಶೂ ಕಳಚಬೇಕು, ಅದು ಪುರಾತನ ರಬ್ಬಿ ಯೋಹಾನಾನ್ ಬೆನ್ ಝಕ್ಕಾಯ್ ಕಾಲದಿಂದ ಬಂದ ಕಟ್ಟಳೆ. ಬರೀ ಸಾಕ್ಸ್ ಕಲ್ಲಿನ ನೆಲದಲ್ಲಿ ಜಾರುತ್ತದೆ, ತಳಕ್ಕೆ ರಬ್ಬರ್ ಚುಕ್ಕಿ ಇರುವುದನ್ನೇ ತನ್ನಿ. ತಿರುಗುವಾಗ ನಿಂತಲ್ಲೇ ತಿರುಗಿಸಬೇಡಿ, ಬಲಕ್ಕೆ ದೊಡ್ಡ ಅರ್ಧಸುತ್ತು ಹಾಕಿಸಿ.

ಆಶೀರ್ವಾದ ಹದಿನೈದೇ ಪದ. ಹೇಳಿಕೊಡುವವರು ಒಂದೊಂದೇ ಪದ ಹೇಳುವುದರಿಂದ ಕೈ ಒಂದೂವರೆ ನಿಮಿಷವಾದರೂ ಭುಜದ ಮಟ್ಟದಲ್ಲಿ ನಿಲ್ಲಬೇಕು. ಗೋಡೆ ಮೇಲೆ ಬೆರಳು ನಡೆಸುತ್ತಾ ಮೂರು ತಿಂಗಳು ಹಿಡಿಯಿತು. ಬೆರಳುಗಳ ನಡುವೆ ಐದು ಸಂದು ಬಿಡುವುದು ಇವತ್ತಿಗೂ ಸರಿಯಾಗಿ ಬರುವುದಿಲ್ಲ, ಅದಿಲ್ಲದಿದ್ದರೂ ಆಶೀರ್ವಾದ ಕೆಡುವುದಿಲ್ಲ. ಹಿಂದೆ ಗಟ್ಟಿ ಕುರ್ಚಿ ಇಟ್ಟಿರುತ್ತೇನೆ. ಬೆಲ್ಟಿನ ಪಕ್ಕದಲ್ಲೇ ನನ್ನ ಕೈ, ಆದರೆ ಬೆಲ್ಟನ್ನು ಹಿಡಿಯುವುದಿಲ್ಲ. ಪಕ್ಕದ ಕೊಹೆನ್ ಮೊದಮೊದಲು ಮುಖ ಸಿಂಡರಿಸುತ್ತಿದ್ದರು, ಈಗ ಕುರ್ಚಿ ಅವರೇ ತಂದಿಡುತ್ತಾರೆ.

ಶಬ್ಬಾತಿನಂದು ಬೆಳಿಗ್ಗೆ ಎರಡು ಸಲ ಆಶೀರ್ವಾದ ಬರುತ್ತದೆ, ಎರಡನೆಯದು ಮುಸಾಫ್ ಎಂಬ ಹೆಚ್ಚುವರಿ ಪ್ರಾರ್ಥನೆಯಲ್ಲಿ. ಅಷ್ಟೊತ್ತಿಗೆ ಗುಳಿಗೆಯ ಬಲ ಇಳಿದಿರುತ್ತದೆ. ಅದಕ್ಕಾಗಿ ಇನ್ನೊಂದು ಡೋಸ್ ಕೇಳಬೇಡಿ. ದಿನಕ್ಕೆ ಒಮ್ಮೆ ಹೋದವರಿಗೆ ಎರಡನೆಯ ಸಲ ಹೋಗಲೇಬೇಕೆಂದಿಲ್ಲ. ನಾವು ಎರಡನೆಯದಕ್ಕೆ ಮೊದಲೇ ಹೊರಡುತ್ತೇವೆ.